ನಾಲ್ಕು ತಂತಿಯ ಚಿಕ್ಕಪ್ಪ

"ಬೇಗ ಊದೇ! ಮೇಣ ಎಲ್ಲ ಕೇಕ್ ಮೇಲೆ ಬೀಳ್ತಿದೆ!" ಎಂದು ಅಮ್ಮ ಕೂಗಿದಳು.

"ತಾಳೇ, ಮೊದಲು ಹಾಡು ಹೇಳ್ಬೇಕು," ಎಂದ ಅಪ್ಪ.

ಎಲ್ಲರೂ ಹಾಡು ಹೇಳಿದರು. ಚಿಟಿಕೆ ಕೆನ್ನೆ ಉಬ್ಬಿಸಿ ಉಫ್ ಎಂದು ಊದಿದಳು. ಅಪ್ಪ ಜೋರಾಗಿ ಚಪ್ಪಾಳೆ ತಟ್ಟಿದ. ಹುಟ್ಟುಹಬ್ಬ ಯಾರದು ಅಂತೀರಾ? ಚಿಟಿಕೆಯದಲ್ಲ, ಅಪ್ಪನದಲ್ಲ, ಅಜ್ಜಿಯದೂ ಅಲ್ಲ. ಎದುರಿನ ಕುರ್ಚಿಯಲ್ಲಿ ದಿಂಬಿಗೆ ಒರಗಿ ಕೂತಿತ್ತಲ್ಲ, ಆ ಹಳೇ ಬೇಸ್ ಗಿಟಾರಿನದು!

ಬೇಸ್ ಗಿಟಾರ್ ಎಂದರೆ ದಪ್ಪ ದನಿಯ ಗಿಟಾರ್. ಅದಕ್ಕೆ ನಾಲ್ಕೇ ತಂತಿ. ಕರೆಂಟಿನ ಡಬ್ಬಿಗೆ ಸಿಕ್ಕಿಸಿ ಮೀಟಿದರೆ ಡುಂ ಡುಂ ಎಂದು ಹೊಟ್ಟೆಯೊಳಗೇ ಕೇಳುತ್ತದೆ. ಈ ಬೇಸ್ ತಾತನದು. ಅಪ್ಪನಿಗೆ ನಾಲ್ಕು ವರ್ಷವಿದ್ದಾಗ ತಾತ ತೀರಿಕೊಂಡಿದ್ದ. ಆಮೇಲೆ ಅದು ಬಹಳ ಕಾಲ ಬೀರುವಿನ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಅಪ್ಪ ದೊಡ್ಡವನಾದ ಮೇಲೆ ಒಮ್ಮೆ ಧೂಳು ಒರೆಸಲು ಸ್ಕ್ರೂ ಬಿಚ್ಚಿದ. ಗಿಟಾರಿನ ಕತ್ತು ಹೊಟ್ಟೆಗೆ ಸೇರುವ ಜಾಗದಲ್ಲಿ, ಒಳಗೆ, ಪೆನ್ಸಿಲಿನಲ್ಲಿ ಬರೆದಿತ್ತು: 16-6-76.

"ನಾನು ಎಪ್ಪತ್ತೈದರಲ್ಲಿ ಹುಟ್ಟಿದೆ. ಇದು ಎಪ್ಪತ್ತಾರರಲ್ಲಿ. ಅಂದ್ರೆ ಇದು ನನ್ನ ತಮ್ಮ!" ಎಂದು ಅಪ್ಪ ಅವತ್ತೇ ತೀರ್ಪು ಕೊಟ್ಟುಬಿಟ್ಟ. ಅಪ್ಪನ ತಮ್ಮ ಎಂದರೆ ಚಿಟಿಕೆಗೆ ಏನಾಗಬೇಕು? ಚಿಕ್ಕಪ್ಪ! ಹಾಗಾಗಿ ಆ ಮನೆಯಲ್ಲಿ ಬೇಸಿನ ಹೆಸರೇ ಚಿಕ್ಕಪ್ಪ. ಪ್ರತಿ ವರ್ಷ ಜೂನ್ ಹದಿನಾರಕ್ಕೆ ಚಿಕ್ಕಪ್ಪನಿಗೆ ಕೇಕ್.

ಇನ್ನು ಚಿಟಿಕೆಗೆ ಆ ಹೆಸರು ಬಂದಿದ್ದಕ್ಕೂ ಕಾರಣವಿದೆ. ಒಂದು, ಅವಳು ಯಾವಾಗಲೂ ಬೆರಳಲ್ಲಿ ಚಿಟಿಕೆ ಹೊಡೆಯುತ್ತಿರುತ್ತಾಳೆ. ಬಸ್ಸಿಗೆ ಕಾಯುವಾಗ, ಹಲ್ಲುಜ್ಜುವಾಗ, ಗಣಿತದ ಟೆಸ್ಟ್ ನಡೆಯುವಾಗ ಕೂಡ. ಇನ್ನೊಂದು, ಕ್ಲಾಸಿನಲ್ಲಿ ಎಲ್ಲರಿಗಿಂತ ಅವಳೇ ಪುಟಾಣಿ. ಸಾರಿಗೆ ಹಾಕುವ ಚಿಟಿಕೆ ಉಪ್ಪಿನಷ್ಟು.

ಅಪ್ಪ ಎರಡನೇ ತುಂಡು ಕೇಕ್ ತಿನ್ನುತ್ತಿದ್ದ. ಕೇಳುವುದಿದ್ದರೆ ಇದೇ ಸರಿಯಾದ ಸಮಯ ಎಂದುಕೊಂಡಳು ಚಿಟಿಕೆ.

"ಅಪ್ಪಾ, ನಮ್ಮ ಸ್ಕೂಲ್ ಬ್ಯಾಂಡ್ ಇದೆಯಲ್ಲ..."

"ಹ್ಞೂಂ."

"ಅದರಲ್ಲಿ ನಾನು ಬೇಸ್. ಆದ್ರೆ ಸ್ಕೂಲ್ ಬೇಸ್ ನನಗೆ ತುಂಬಾ ಉದ್ದ. ಕೈ ಎಟುಕೋದೇ ಇಲ್ಲ. ಮುಂದಿನ ಶನಿವಾರದ ಪ್ರಾಕ್ಟೀಸಲ್ಲೂ ಸರಿಹೋಗ್ಲಿಲ್ಲ ಅಂದ್ರೆ ಮಿಸ್ ನನಗೆ ಟ್ರಯಾಂಗಲ್ ಕೊಡ್ತಾರಂತೆ."

"ಟ್ರಯಾಂಗಲ್ ಚೆನ್ನಾಗಿರುತ್ತಲ್ಲ. ಟಿಂಗ್ ಅನ್ನುತ್ತೆ."

"ಇಡೀ ಹಾಡಿಗೆ ಎರಡೇ ಸಲ ಟಿಂಗ್ ಅಪ್ಪಾ! ಎರಡೇ ಸಲ!" ಚಿಟಿಕೆಗೆ ಅಳುವೇ ಬರುವಂತಾಯಿತು. ಸ್ಕೂಲಿನ ಆ ಬೇಸ್ ಹಿಡಿದರೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಜೋತುಬಿದ್ದ ಹಾಗೆ ಕಾಣುತ್ತಿದ್ದಳು ಪಾಪ. ಹಿಂದಿನ ಸಾಲಿನ ಹುಡುಗರು ಕಿಸಿಕಿಸಿ ನಗುತ್ತಿದ್ದರು. ಆದರೂ ಅವಳಿಗೆ ಬೇಸೇ ಬೇಕು. ಡುಂ ಎಂದಾಗ ಹೊಟ್ಟೆಯಲ್ಲಿ ಆಗುವ ಆ ಖುಷಿ ಟಿಂಗ್‌ನಲ್ಲಿ ಎಲ್ಲಿಂದ ಬರಬೇಕು?

"ಅದಕ್ಕೇ ಚಿಕ್ಕಪ್ಪನ್ನ ಒಂದು ದಿನ ತಗೊಂಡು ಹೋಗ್ಲಾ? ಚಿಕ್ಕಪ್ಪನಲ್ಲಿ ನನ್ನ ಕೈ ಚೆನ್ನಾಗಿ ಎಟುಕುತ್ತೆ."

ಅಪ್ಪನ ಚಮಚ ಅರ್ಧಕ್ಕೇ ನಿಂತಿತು. "ಎಟುಕುತ್ತೆ ಅಂತ ನಿನಗೆ ಹೇಗೆ ಗೊತ್ತು?"

ಚಿಟಿಕೆ ನಾಲಿಗೆ ಕಚ್ಚಿಕೊಂಡಳು. ತನ್ನ ಬಾಯಿಂದಲೇ ಸಿಕ್ಕಿಬಿದ್ದಿದ್ದಳು.

"ಒಂದೇ ಸಲ ಮುಟ್ಟಿದ್ದು ಅಪ್ಪಾ. ಕೈ ತೊಳ್ಕೊಂಡೇ ಮುಟ್ಟಿದ್ದು."

"ಅಯ್ಯೋ ದೇವರೇ! ಇದು ಒರಿಜಿನಲ್ ಕಣೇ! ಒಂದು ಸ್ಕ್ರೂ ಕೂಡ ಬದಲಾಗಿಲ್ಲ. ಇಲ್ಲಿ ನೋಡು, ತಂತಿ ಕಟ್ಟೋ ಪಟ್ಟಿಯ ಹಿಂದೆ ಸಾಲಾಗಿ ಐದು ಚುಕ್ಕಿ. ಕಂಪನಿಯವರ ಗುಟ್ಟಿನ ಗುರುತು. ಇಂಥದ್ದನ್ನ ಸ್ಕೂಲಿಗೆ ಕೊಟ್ಟು ಕಳಿಸ್ತಾರಾ ಯಾರಾದ್ರೂ? ನಾಳೆ ಇದನ್ನ ರಿಪೇರಿ ಅಂಗಡಿಗೆ ಒಯ್ತೀನಿ. ಅವರು ವಯಸ್ಸು ನೋಡಿ ಚೀಟಿ ಬರ್ಕೊಟ್ರೆ ಮುಂದಿನ ತಿಂಗಳು ಹಳೇ ವಾದ್ಯಗಳ ಪ್ರದರ್ಶನದಲ್ಲಿ ಇಡಬಹುದು. ಗಾಜಿನ ಪೆಟ್ಟಿಗೇಲಿ!"

"ಗಾಜಿನ ಪೆಟ್ಟಿಗೆಯೊಳಗೆ ಡುಂ ಅನ್ನಲ್ಲ," ಎಂದು ಗೊಣಗಿದಳು ಚಿಟಿಕೆ.

"ನಾಲ್ಕು ಜನ ಇರೋ ಮನೇಲಿ ಐದು ತಟ್ಟೆ ಯಾಕೆ ಇಡ್ತೀನಿ ಅಂತ ಗೊತ್ತಾಯ್ತಾ ಅತ್ತೆ?" ಎಂದಳು ಅಮ್ಮ.

"ಗೊತ್ತಾಗದೆ ಏನು? ಐದನೇದು ಚಿಕ್ಕಪ್ಪನಿಗೆ," ಎಂದಳು ಅಜ್ಜಿ.

"ಅವನು ತಿನ್ನಲ್ಲ, ಆ ತುಂಡೂ ನಿಮ್ಮ ಮಗನಿಗೇ!"

ಎಲ್ಲರೂ ನಕ್ಕರು. ಚಿಟಿಕೆ ಮಾತ್ರ ಮುಖ ಊದಿಸಿಕೊಂಡು ಕೂತಳು. ಅಜ್ಜಿ ಕೇಕ್ ತಿಂದು ಮುಗಿಸಿ ಬೆರಳು ಒರೆಸಿಕೊಂಡಳು. "ನಾಳೆ ಅಂಗಡಿಗೆ ನಾನೂ ಬರ್ತೀನಿ," ಎಂದಳು.

"ನೀನ್ಯಾಕಮ್ಮಾ? ಮೊಣಕಾಲು ನೋವು ಅಂತಿದ್ದೆ."

"ಅಂಗಡಿಯವರು ನೋಡೋದು ಬೇಸನ್ನ, ನನ್ನ ಮೊಣಕಾಲನ್ನಲ್ಲ. ಬರ್ತೀನಿ ಅಂದ್ರೆ ಬರ್ತೀನಿ."

ರಿಪೇರಿ ಅಂಗಡಿ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಗಿಟಾರುಗಳು. ಕೆಲವಕ್ಕೆ ತಂತಿಯಿಲ್ಲ, ಕೆಲವಕ್ಕೆ ಹೊಟ್ಟೆಯೇ ಇಲ್ಲ. ಮರದ ಪುಡಿ, ಅಂಟು, ಬಿಸಿ ತಂತಿಯ ವಾಸನೆ. ಅಂಗಡಿಯ ಆಂಟಿ ತಲೆಗೆ ದೀಪ ಕಟ್ಟಿಕೊಂಡು ಕೂತಿದ್ದರು. ಚಿಟಿಕೆಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

"ಎಪ್ಪತ್ತಾರು, ಜೂನ್ ಹದಿನಾರು. ನೀವು ಸುಮ್ಮನೆ ಒಂದ್ಸಲ ನೋಡಿ ಬರ್ಕೊಟ್ರೆ ಸಾಕು," ಎಂದ ಅಪ್ಪ ಜಂಭದಿಂದ.

"ನೋಡದೆ ಬರೆಯೋದಕ್ಕೆ ಆಗುತ್ತಾ ಸರ್? ಬಿಚ್ಚಿ ನೋಡೋಣ."

ಆಂಟಿ ತಂತಿ ಸಡಿಲ ಮಾಡಿದರು. ಮುಂದಿನ ಪ್ಲಾಸ್ಟಿಕ್ ಹಾಳೆಯ ಸ್ಕ್ರೂ ತೆಗೆದರು. ಪ್ರತಿ ಸ್ಕ್ರೂ ತಿರುಗಿದಾಗಲೂ ಅಪ್ಪ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದ. ಅವನದೇ ಹಲ್ಲು ಕೀಳುತ್ತಿದ್ದಾರೇನೋ ಎಂಬಂತೆ.

"ಇಲ್ಲಿ ಬಾ ಪುಟ್ಟಾ," ಎಂದು ಆಂಟಿ ಚಿಟಿಕೆಯನ್ನು ಹತ್ತಿರ ಕರೆದರು. "ಮೇಲೆ ವಾಲ್ಯೂಮ್ ತಿರುಗಿಸ್ತೀವಲ್ಲ, ಅದರ ಕೆಳಗೆ ಈ ಪುಟ್ಟ ಡಬ್ಬಿ ಇರುತ್ತೆ. ಇದರ ಬೆನ್ನ ಮೇಲೆ ನಂಬರ್ ಒತ್ತಿರ್ತಾರೆ. ಯಾವ ವರ್ಷ, ಯಾವ ವಾರ ಮಾಡಿದ್ದು ಅಂತ. ನಿನ್ನ ಕಣ್ಣು ಚುರುಕು. ಓದು ನೋಡೋಣ."

ಚಿಟಿಕೆ ಭೂತಗನ್ನಡಿ ಹಿಡಿದು ಓದಿದಳು. ಆಂಟಿ ಲೆಕ್ಕ ಹಾಕಿದರು. "ಎಪ್ಪತ್ತು."

"ಎಪ್ಪತ್ತಾರು," ಎಂದು ತಿದ್ದಿದ ಅಪ್ಪ.

"ಬರೀ ಎಪ್ಪತ್ತು ಸರ್. ಬೆಸುಗೆ ಕೂಡ ಯಾರೂ ಮುಟ್ಟಿಲ್ಲ. ಹೊಟ್ಟೆ ಎಪ್ಪತ್ತರದ್ದೇ."

ಅಪ್ಪ ಒಂದು ಕ್ಷಣ ಬೆಪ್ಪಾಗಿ ನಿಂತ. ಚಿಟಿಕೆಯ ತಲೆ ಮಾತ್ರ ಚಕಚಕ ಓಡಿತು. "ಅಪ್ಪಾ! ಹಾಗಾದ್ರೆ ಇದು ನಿನಗಿಂತ ದೊಡ್ಡದು! ನಿನ್ನ ತಮ್ಮ ಅಲ್ಲ, ಅಣ್ಣ! ಚಿಕ್ಕಪ್ಪ ಅಲ್ಲ, ದೊಡ್ಡಪ್ಪ!"

"ಸುಮ್ನಿರು ಮಾರಾಯ್ತಿ. ಕತ್ತು ನೋಡಿ ಮೇಡಂ, ಕತ್ತಿನಲ್ಲಿ ಬರ್ದಿದೆ."

ಆಂಟಿ ನಾಲ್ಕು ದೊಡ್ಡ ಸ್ಕ್ರೂ ತೆಗೆದು ಕತ್ತನ್ನು ಹೊರಗೆಳೆದರು. ಪೆನ್ಸಿಲ್ ಬರಹ ಇತ್ತು. 16-6-76. ಅಪ್ಪನಿಗೆ ಜೀವ ಬಂದಂತಾಯಿತು. ಆದರೆ ಆಂಟಿ ಕತ್ತನ್ನು ಹಿಂದೆ ಮುಂದೆ ತಿರುಗಿಸಿದರು, ಅಂಚನ್ನು ಸವರಿದರು, ಆಮೇಲೆ ಬೇಸಿನ ಮೇಲಿದ್ದ ಐದು ಚುಕ್ಕಿಗಳನ್ನು ಉಗುರಿನಿಂದ ಕೆರೆದರು.

"ಸರ್, ಬೇಜಾರು ಮಾಡ್ಕೋಬೇಡಿ. ಈ ಕತ್ತು ಈ ಹೊಟ್ಟೆಯದಲ್ಲ. ಕಂಪನಿ ಕತ್ತು ಇನ್ನೂ ನಾಲ್ಕು ಬೆರಳು ಉದ್ದ ಇರುತ್ತೆ. ತಲೆ ಮೇಲೆ ಕಂಪನಿ ಹೆಸರೂ ಇಲ್ಲ."

"ಅಳಿಸಿಹೋಗಿದೆ. ಹಳೇದಲ್ವಾ."

"ಬರೆದೇ ಇಲ್ಲ ಸರ್. ಈ ಚುಕ್ಕಿಗಳಿವೆಯಲ್ಲ, ಇವು ಗುರುತಲ್ಲ, ಮುಚ್ಚಿದ ತೂತು. ತಂತಿ ಕಟ್ಟೋ ಈ ಲೋಹದ ಪಟ್ಟಿ ಮೊದಲು ಅಲ್ಲಿತ್ತು. ಕತ್ತು ಗಿಡ್ಡ ಆದ ಮೇಲೆ ಅದನ್ನ ಮುಂದಕ್ಕೆ ತಂದು ಕೂರಿಸಿದ್ದಾರೆ. ಯಾರೋ ನಿಮ್ಮ ತಂದೆಯವರಿಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ."

ಅಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ಚಿಟಿಕೆಗೆ ಅಯ್ಯೋ ಪಾಪ ಎನ್ನಿಸಿತು. ಆಗ ಹಿಂದಿನಿಂದ ಕಿಲಕಿಲ ಸದ್ದು ಬಂತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಟೋಪಿ ಯಾರೂ ಹಾಕಿಲ್ಲಮ್ಮಾ. ಚಿಟಿಕೆ, ಆ ಸ್ಕೇಲ್ ತಗೊಂಡು ಬಾ. ನನ್ನ ಗೇಣು ಅಳೆ."

ಅಜ್ಜಿ ಮೇಜಿನ ಮೇಲೆ ಎಡಗೈ ಅಗಲಿಸಿಟ್ಟಳು. ಚಿಟಿಕೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಳೆದಳು.

"ಹದಿನೈದೂವರೆ ಸೆಂಟಿಮೀಟರ್."

"ವಯಸ್ಸಾಯ್ತಲ್ಲ, ಅರ್ಧ ಮುದುರಿಕೊಂಡಿದೆ. ಹದಿನಾರು ಅಂದ್ಕೋ. ಈಗ ತೋರುಬೆರಳು."

"ಆರು." ಹೇಳಿದ ಕೂಡಲೇ ಚಿಟಿಕೆಗೆ ಪೆನ್ಸಿಲ್ ಬರಹ ನೆನಪಾಯಿತು: ಹದಿನಾರು, ಆರು... ಅಜ್ಜಿ ಮುಂದೆ ಏನು ಹೇಳುತ್ತಾಳೆಂದು ಕಾಯಲೂ ಇಲ್ಲ ಅವಳು. ಮೇಜಿನ ಮೇಲಿದ್ದ ಅಳತೆ ಟೇಪು ಎತ್ತಿಕೊಂಡಳು. "ಆಂಟೀ, ಕತ್ತನ್ನ ಸ್ವಲ್ಪ ಅದರ ಜಾಗದಲ್ಲಿ ಇಡಿ!"

ಆಂಟಿ ಇಟ್ಟರು. ತಂತಿ ಶುರುವಾಗುವ ತುದಿಯಿಂದ ಲೋಹದ ಪಟ್ಟಿಯವರೆಗೆ ಚಿಟಿಕೆ ಟೇಪು ಎಳೆದಳು.

"ಎಪ್ಪತ್ತಾರು!" ಎಂದು ಕಿರುಚಿದಳು. "ಅಪ್ಪಾ, ಇದು ಡೇಟ್ ಅಲ್ಲ! ಅಳತೆ! ಅಜ್ಜಿ ಗೇಣು, ಅಜ್ಜಿ ಬೆರಳು, ತಂತಿಯ ಉದ್ದ!"

ಅಜ್ಜಿ ಅಪ್ಪನ ತಲೆ ಮೇಲೊಂದು ಮೊಟಕಿದಳು.

"ಕನ್ನಡಕದ ಅಂಗಡಿ ಇಟ್ಕೊಂಡು ಊರಿಗೆಲ್ಲ ಕನ್ನಡಕ ಕೊಡ್ತೀಯ, ನಿನ್ನ ಕಣ್ಣಿಗೆ ಇದು ಕಾಣ್ಲಿಲ್ಲ. ಬಡಗಿಯ ಮಗ ಬೇರೆ. ಬಡಗಿಯ ಕೈ ಬರಹದಲ್ಲಿ ಅಳತೆಯಲ್ಲದೆ ಇನ್ನೇನಿರುತ್ತೋ?"

ತಾತ ಹಗಲು ಕುರ್ಚಿ ಮೇಜು ಮಾಡುತ್ತಿದ್ದನಂತೆ. ಸಂಜೆ ಹೋಟೆಲಿನ ಬ್ಯಾಂಡಿನಲ್ಲಿ ಬೇಸ್. ಅವನು ಮನೆಯಲ್ಲಿ ಬೇಸ್ ಕೆಳಗಿಟ್ಟ ಕೂಡಲೇ ಅಜ್ಜಿ ಎತ್ತಿಕೊಳ್ಳುತ್ತಿದ್ದಳಂತೆ. ಆದರೆ ಕೈ ಎಟುಕುತ್ತಿರಲಿಲ್ಲ. ಸಿಟ್ಟು ಬಂದು ಒಂದು ದಿನ ಅತ್ತೇಬಿಟ್ಟಳಂತೆ.

"ಮಾರನೇ ದಿನ ಅವರು ಪೆನ್ಸಿಲ್ ಹಿಡ್ಕೊಂಡು ಬಂದು 'ಕೈ ಕೊಡು' ಅಂದ್ರು. ಅಳತೆ ತಗೊಂಡ್ರು. ಊಟದ ಮೇಜಿಗೆ ಅಂತ ತಂದಿದ್ದ ಗಟ್ಟಿ ಮರದಲ್ಲಿ ಕತ್ತು ಕೆತ್ತಿದ್ರು. ಹಳೇ ತೂತಿಗೆ ಬೆಂಕಿಕಡ್ಡಿ ತುರುಕಿ ಬಣ್ಣ ಬಳಿದ್ರು. ನಾವು ಎರಡು ವರ್ಷ ನೆಲದ ಮೇಲೇ ಕೂತು ಊಟ ಮಾಡಿದ್ವಿ! ಆಮೇಲೆ ಅವರು ಗಿಟಾರ್ ಹಿಡಿದ್ರು, ಬ್ಯಾಂಡಿನಲ್ಲಿ ಬೇಸ್ ನಂದಾಯ್ತು. ನೀನು ಹುಟ್ಟೋವರೆಗೂ."

"ನೀನು? ಬ್ಯಾಂಡಿನಲ್ಲಿ?" ಅಪ್ಪ ಕಣ್ಣು ಬಾಯಿ ಬಿಟ್ಟ. "ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?"

"ಇದು ಅಪ್ಪನ ಬೇಸ್ ಅಲ್ವಾ ಅಂತ ನೀನು ಕೇಳ್ದೆ. ಹೌದು ಅಂದೆ. ಸುಳ್ಳೇನಲ್ವಲ್ಲ. ಅವರು ಹೋದ ಮೇಲೆ ಅದನ್ನ ನೋಡಿದ್ರೇ ಅಳು ಬರ್ತಿತ್ತು, ಅದಕ್ಕೇ ಬೀರು ಮೇಲಿಟ್ಟೆ. ಆಮೇಲೆ ನೀನು ಅಷ್ಟು ಸಂಭ್ರಮದಿಂದ ಕೇಕ್ ತರೋಕೆ ಶುರು ಮಾಡ್ದೆ. ಯಾಕೆ ಹಾಳು ಮಾಡ್ಲಿ ಅನ್ನಿಸ್ತು." ಅಜ್ಜಿ ಸೆರಗು ಸರಿಮಾಡಿಕೊಂಡು, "ಕೇಕ್ ನನಗೂ ಸಿಗ್ತಿತ್ತಲ್ಲ," ಎಂದಳು.

ಆಂಟಿ ಕತ್ತನ್ನು ದೀಪದ ಕೆಳಗೆ ಹಿಡಿದು "ಕೈಯಲ್ಲಿ ಮಾಡಿದ್ದಾ ಇದು! ನಾನು ಬೇರೆ ಯಾವುದೋ ಕಂಪನಿ ಮಾಲು ಅಂದ್ಕೊಂಡಿದ್ದೆ," ಎಂದು ತಲೆದೂಗಿದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ಸರ್, ಪ್ರದರ್ಶನಕ್ಕೆ ಒರಿಜಿನಲ್ಲೇ ಬೇಕು ಅಂದ್ರೆ ದಾರಿ ಇದೆ. ನನ್ನ ಹತ್ರ ಎಪ್ಪತ್ತರ ಒಂದು ಉದ್ದ ಕತ್ತು ಇದೆ. ಹಳೇ ತೂತು ತೆರೆದು ಪಟ್ಟಿ ಹಿಂದಕ್ಕೆ ಹಾಕಿದ್ರೆ ಮೊದಲಿನ ಹಾಗೇ ಆಗುತ್ತೆ. ಗಾಜಿನ ಪೆಟ್ಟಿಗೇಲಿ ಜಮ್ ಅಂತ ಇಡಬಹುದು."

ಗೋಡೆಯಿಂದ ಒಂದು ಉದ್ದನೆಯ ಕತ್ತು ಕೆಳಗಿಳಿಯಿತು. ಹೊಳೆಯುತ್ತಿತ್ತು. ಅದರ ತಲೆಯ ಮೇಲೆ ಕಂಪನಿ ಹೆಸರು ಚಿನ್ನದ ಬಣ್ಣದಲ್ಲಿತ್ತು. ಅಪ್ಪ ಅದನ್ನು ಕೈಗೆ ತೆಗೆದುಕೊಂಡ, ಹೆಸರಿನ ಮೇಲೆ ಬೆರಳಾಡಿಸಿದ.

ಮುಗಿಯಿತು. ಉದ್ದ ಕತ್ತು ಬಂದರೆ ಇದೂ ಸ್ಕೂಲಿನ ಬೇಸಿನ ಹಾಗೇ. ಬೇಡ ಅಪ್ಪಾ ಎಂದು ಕೂಗಬೇಕು ಎನ್ನಿಸಿತು ಚಿಟಿಕೆಗೆ. ಆದರೆ ಅಪ್ಪ ಎಷ್ಟು ವರ್ಷದಿಂದ ಆ ಗಾಜಿನ ಪೆಟ್ಟಿಗೆಯ ಕನಸು ಕಂಡಿದ್ದನೆಂದೂ ಗೊತ್ತು. ಅವಳು ಅಜ್ಜಿಯ ಸೆರಗು ಹಿಡಿದುಕೊಂಡಳು.

"ಅದೇನು ಬೇಕಾದ್ರೂ ಮಾಡ್ಕೊಳ್ಳಿ," ಎಂದಳು ಅಜ್ಜಿ. "ಬಿಚ್ಚಿ ಎಸೆಯೋ ಮುಂಚೆ ಒಂದ್ಸಲ ಕೂಡಿಸಿ ಕೊಡಮ್ಮಾ."

ಆಂಟಿ ಗಿಡ್ಡ ಕತ್ತನ್ನು ಮತ್ತೆ ಕೂಡಿಸಿ, ತಂತಿ ಬಿಗಿದು, ಕರೆಂಟಿನ ಡಬ್ಬಿಗೆ ಸಿಕ್ಕಿಸಿದರು. ಅಜ್ಜಿ ಸ್ಟೂಲಿನಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಮೊದಲ ಎರಡು ಸ್ವರ ತಪ್ಪಿದವು. "ಥೂ, ಬೆರಳು ಬಗ್ಗಲ್ಲ," ಎಂದು ತನ್ನನ್ನೇ ಬೈದುಕೊಂಡಳು. ಮೂರನೆಯದು ಸರಿಯಾಗಿ ಬಂತು. ಆಮೇಲೆ ಒಂದರ ಹಿಂದೆ ಒಂದು ಬಂದವು. ಡುಂ, ಡುಡುಂ, ಡುಂ. ಗೋಡೆಯ ಮೇಲಿದ್ದ ಗಿಟಾರುಗಳ ತಂತಿಗಳೂ ಸಣ್ಣಗೆ ಗುಂಯ್ ಎಂದವು. ಚಿಟಿಕೆಯ ಪಾದದೊಳಗೆ ಕಚಗುಳಿಯಾಯಿತು.

ಅಜ್ಜಿಯ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಆದರೂ ಅವಳು ನಗುತ್ತಿದ್ದಳು, ತುಂಬ ಖುಷಿಯಿಂದ. ಅಪ್ಪ ಉದ್ದ ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಿದ್ದ. ತನ್ನ ತಾಯಿ ಬೇಸ್ ನುಡಿಸುವುದನ್ನು ಅವನು ಹುಟ್ಟಿದ ಮೇಲೆ ಇದೇ ಮೊದಲು ಕೇಳಿದ್ದು.

ಅಜ್ಜಿ ನುಡಿಸಿ ಮುಗಿಸಿದ ಮೇಲೆ ಅವನು ಮೂಗೊರೆಸಿಕೊಂಡು ಉದ್ದ ಕತ್ತನ್ನು ಮೇಜಿನ ಮೇಲಿಟ್ಟ.

"ಇದು ನಿಮ್ಮ ಹತ್ರಾನೇ ಇರ್ಲಿ ಮೇಡಂ. ನಮ್ಮ ಅಪ್ಪ ಅಳತೆ ತಗೊಂಡು ಮಾಡಿದ್ದೇ ಸರಿ ಇದೆ."

"ಮತ್ತೆ ಪ್ರದರ್ಶನ ಸರ್?"

"ಹೋಗ್ತೀವಿ. ಬೇರೆಯವರದನ್ನ ನೋಡಿ ಬರ್ತೀವಿ. ಚಿಟಿಕೆ, ಇಲ್ಲಿ ಬಾ. ಕೈ ಕೊಡು."

ಅಪ್ಪ ಸ್ಕೇಲ್ ಹಿಡಿದು ಬಗ್ಗಿದ. ಕನ್ನಡಕ ಮೂಗಿನ ತುದಿಗೆ ಜಾರಿತು. "ಹದಿನೈದು. ಪರವಾಗಿಲ್ಲ, ಬೆಳೀತಾಳೆ. ಮೇಡಂ, ಇವಳು ಹೆಗಲಿಗೆ ಹಾಕ್ಕೊಂಡ್ರೆ ಇದು ಮೊಣಕಾಲಿಗೆ ಬರುತ್ತೆ. ಬೆಲ್ಟು ಸಿಕ್ಕಿಸೋ ಗುಂಡಿಯನ್ನ ಸ್ವಲ್ಪ ಮೇಲೆ ಹಾಕೋಕಾಗುತ್ತಾ?"

"ಆಗುತ್ತೆ. ಆದ್ರೆ ಹೊಸ ತೂತು ಕೊರೀಬೇಕು."

ಅಪ್ಪ ಕಣ್ಣು ಮುಚ್ಚಿಕೊಂಡ. "ಕೊರೀರಿ. ನಾನು ನೋಡಲ್ಲ."

ಚಿಟಿಕೆ ಹಾರಿ ಹೋಗಿ ಅಪ್ಪನ ಸೊಂಟ ತಬ್ಬಿಕೊಂಡಳು. ಡ್ರಿಲ್ ಗರ್ರ್ ಎಂದಾಗ ಅಪ್ಪ ನಿಜವಾಗಿಯೂ ಕಿವಿ ಮುಚ್ಚಿಕೊಂಡ. ಅಜ್ಜಿ ಮತ್ತೆ ಕಿಲಕಿಲ ನಕ್ಕಳು.

ಆ ವಾರವಿಡೀ ಮನೆಯಲ್ಲಿ ಡುಂ ಡುಂ. "ಪಕ್ಕದ ಮನೆಯವರ ಕಪ್ಪು ಬಸಿ ಎಲ್ಲ ಕುಣೀತಿವೆಯಂತೆ," ಎಂದು ಅಮ್ಮ ವರದಿ ಕೊಟ್ಟಳು. ಅಜ್ಜಿ ಸ್ಕೂಲಿನ ಹಾಡಿಗೆ ಬೆರಳಿಡುವ ರೀತಿ ತೋರಿಸಿದಳು. "ಒತ್ತಬೇಡ, ಕೂರಿಸು. ಬೆರಳು ಕೂರಬೇಕು, ಜಗಳ ಆಡಬಾರದು," ಎನ್ನುತ್ತಿದ್ದಳು.

ಶನಿವಾರ ಅಜ್ಜಿಯೂ ಸ್ಕೂಲಿಗೆ ಬಂದಳು. ಮ್ಯೂಸಿಕ್ ರೂಮಿನ ಕೊನೆಯ ಬೆಂಚಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಿಸ್ "ರೆಡೀನಾ?" ಎಂದರು. ಡ್ರಮ್ಸ್ ಹುಡುಗ ಕೋಲು ತಟ್ಟಿದ. ಹಾಡು ಶುರುವಾಯಿತು.

ಮೊದಲ ಚರಣ ಚೆನ್ನಾಗಿ ಹೋಯಿತು. ಯಾರೂ ಕಿಸಿಕಿಸಿ ನಗಲಿಲ್ಲ. ಮಿಸ್ ಹುಬ್ಬೇರಿಸಿ ತಲೆಯಾಡಿಸಿದರು. ಚಿಟಿಕೆ ಅದನ್ನು ನೋಡಿ ಹಿಗ್ಗಿದಳು. ಹಿಗ್ಗಿದ್ದೇ ತಪ್ಪಾಯಿತು. ಹಾಡು ತಿರುಗುವ ಜಾಗ ತಪ್ಪಿಹೋಯಿತು! ಬೆರಳು ನಿಂತವು. ಹಾಡುವವರು ಹಾಡುತ್ತಲೇ ಇದ್ದರು, ಆದರೆ ಎಲ್ಲವೂ ತೆಳ್ಳಗೆ, ಚಪ್ಪೆಯಾಗಿ ಕೇಳಿಸಿತು. ಡ್ರಮ್ಸ್ ಹುಡುಗ ತಿರುಗಿ ನೋಡಿದ. ಹಾಡುವ ಹುಡುಗಿಯೂ ತಿರುಗಿದಳು.

ಚಿಟಿಕೆ ಗಾಬರಿಯಿಂದ ಕೊನೆಯ ಬೆಂಚಿನ ಕಡೆ ನೋಡಿದಳು.

ಅಜ್ಜಿ ಅವಳ ಕಡೆ ನೋಡುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆದರೆ ಕೈಚೀಲದ ಹಿಡಿಯ ಮೇಲೆ ಅವಳ ಎಡಗೈ ಬೆರಳು ಓಡಾಡುತ್ತಿದ್ದವು. ಕೂತು, ಎದ್ದು, ಪಕ್ಕಕ್ಕೆ ಸರಿದು, ಮತ್ತೆ ಕೂರುತ್ತಿದ್ದವು. ಅವಕ್ಕೆ ಹಾಡು ಎಲ್ಲಿದೆಯೆಂದು ಗೊತ್ತಿತ್ತು. ಯೋಚಿಸಿ ಆಡುತ್ತಿದ್ದ ಬೆರಳುಗಳಲ್ಲ ಅವು. ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು, ಬಹಳ ಅಭ್ಯಾಸವಿರುವಂತೆ.

ಬೇಸ್ ಬೀರುವಿನ ಮೇಲೆ ಇದ್ದಾಗಲೂ ಅಜ್ಜಿ ನುಡಿಸುತ್ತಲೇ ಇದ್ದಿರಬೇಕು ಎನ್ನಿಸಿತು ಚಿಟಿಕೆಗೆ. ಬಸ್ಸಿನ ಕಂಬಿಯ ಮೇಲೆ, ಹೊಲಿಗೆ ಯಂತ್ರದ ಅಂಚಿನ ಮೇಲೆ, ಅಪ್ಪನನ್ನು ಮಲಗಿಸುವಾಗ ಅವನ ಪುಟ್ಟ ಬೆನ್ನಿನ ಮೇಲೆ. ಯಾರಿಗೂ ಕೇಳಿಸದ ಹಾಗೆ.

ಅವಳು ಅಜ್ಜಿಯ ಬೆರಳು ನೋಡಿಕೊಂಡು ತನ್ನ ಬೆರಳನ್ನು ತಂತಿಯ ಮೇಲೆ ಕೂರಿಸಿದಳು. ಡುಂ. ಹಾಡು ಮತ್ತೆ ತುಂಬಿಕೊಂಡಿತು. ಡ್ರಮ್ಸ್ ಹುಡುಗ ನಕ್ಕು ಮುಂದೆ ತಿರುಗಿಕೊಂಡ. ಚಿಟಿಕೆ ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿಗೆ ಕೇಳಿಸುವಷ್ಟು ಜೋರಾಗಿ, ಕೊನೆಯವರೆಗೂ ನುಡಿಸಿದಳು.